ಕಾಲು ಸುತ್ತು ಸಡಿಲ

ಅವರನ್ನು ಹೆಸರು ಹಿಡಿದು ಕರೆದವರು ಕಡಿಮೆ. ವರ್ಕ್‌ಶಾಪಿನಲ್ಲಿ ಮೂವತ್ತನಾಲ್ಕು ವರ್ಷ ಅವರು ಬಿಗಿ ಮೇಸ್ತ್ರಿ. ದೊಡ್ಡ ಕಟ್ಟಡಗಳ ನೆಲಮಾಳಿಗೆಯಲ್ಲಿ ನೀರೆತ್ತುವ ಪಂಪುಗಳಿರುತ್ತವಲ್ಲ, ಅವನ್ನು ಕೂರಿಸುವುದು, ಕೆಟ್ಟರೆ ಬಿಚ್ಚುವುದು, ಮತ್ತೆ ಕೂರಿಸುವುದು ಅವರ ಕಸುಬು. ಅವರು ಬಿಗಿದ ಬೋಲ್ಟನ್ನು ಬಿಚ್ಚಬೇಕಾದರೆ ಇಬ್ಬರು ಗಂಡಸರು ಸ್ಪ್ಯಾನರಿಗೆ ಜೋತುಬೀಳಬೇಕು ಎಂದು ಜೊತೆಯವರು ನಗುತ್ತಿದ್ದರು. ಅದು ಹೊಗಳಿಕೆ ಎಂದೇ ಮೇಸ್ತ್ರಿ ತಿಳಿದಿದ್ದರು, ಪಾಪ.

ಪಾಪ ಎಂದದ್ದಕ್ಕೆ ಕಾರಣವಿದೆ. ಆ ವರ್ಕ್‌ಶಾಪಿನಲ್ಲಿ ಒಂದು ಪದ್ಧತಿಯಿತ್ತು. ಪಂಪಿನ ಬುಡಕ್ಕೆ ನಾಲ್ಕು ಬೋಲ್ಟು. ಮೂರನ್ನು ಗಟ್ಟಿಯಾಗಿ ಬಿಗಿದು, ನಾಲ್ಕನೆಯದನ್ನು ಕಾಲು ಸುತ್ತು ಸಡಿಲ ಬಿಡುವುದು. ಪಂಪು ಸದ್ಯಕ್ಕೆ ಚೆನ್ನಾಗಿಯೇ ಓಡುತ್ತದೆ. ನಾಲ್ಕು ತಿಂಗಳು ಅದುರಿ ಅದುರಿ ಬೋಲ್ಟು ಇನ್ನಷ್ಟು ಸಡಿಲವಾದಾಗ ಗಡಗಡ ಸದ್ದು ಶುರು. ಕಟ್ಟಡದವರು ಗಾಬರಿಯಾಗಿ ಫೋನ್ ಮಾಡುತ್ತಾರೆ, "ಹೋದ ಸಲ ಬಂದಿದ್ರಲ್ಲ, ಅವ್ರನ್ನೇ ಕಳ್ಸಿ" ಎನ್ನುತ್ತಾರೆ. ಇದನ್ನು ಯಾರೂ ಯಾರಿಗೂ ಕಲಿಸುತ್ತಿರಲಿಲ್ಲ. ಎಲ್ಲರಿಗೂ ಬರುತ್ತಿತ್ತು, ಮೇಸ್ತ್ರಿಯೊಬ್ಬರನ್ನು ಬಿಟ್ಟು.

"ನಿನ್ ಕೈಗೇನು ರೋಗ ಬಂದಿದೆಯೋ?" ಎಂದು ಜೊತೆಗಾರ ಗಿಡ್ಡ ಬೈಯುತ್ತಿದ್ದ. ಅವನೂ ಆ ಅಡ್ಡಹೆಸರಲ್ಲೇ ಬಾಳಿದವನು. "ಕಾಲು ಸುತ್ತು ಬಿಡೋ ಪುಣ್ಯಾತ್ಮ. ಜನ ನಮ್ಮನ್ನ ನೆನಪಿಟ್ಕೋಬೇಕು ಅಂದ್ರೆ ಎಲ್ಲೋ ಒಂದು ಕಡೆ ಏನಾದ್ರೂ ಅಲ್ಲಾಡ್ತಾ ಇರ್ಬೇಕು."

"ಹೋಗೋ, ಕೆಟ್ಟ ಕೆಲಸಕ್ಕೆ ನನ್ ಕೈ ಬರಲ್ಲ."

ಕೈ ಬರದಿದ್ದದ್ದಕ್ಕೆ ಸಿಕ್ಕ ಬಹುಮಾನ ಕೇಳಿ. ಕೆಲಸ ಕಡಿಮೆಯಾದ ವರ್ಷ ಯಜಮಾನರು ಫೋನ್ ಕರೆಗಳ ಪುಸ್ತಕ ತೆರೆದು, ಯಾರನ್ನು ಜನ ಮತ್ತೆ ಮತ್ತೆ ಕೇಳಿ ಕರೆಸಿಕೊಂಡಿದ್ದಾರೆ ಎಂದು ನೋಡಿದರು. ಬಿಗಿ ಮೇಸ್ತ್ರಿಯನ್ನು ಎರಡನೆಯ ಸಲ ಕರೆದ ಕಟ್ಟಡ ಒಂದೂ ಇರಲಿಲ್ಲ. "ಜನಕ್ಕೆ ನಿಮ್ ಕೆಲಸ ಹಿಡಿಸ್ಲಿಲ್ಲ ಅಂತ ಕಾಣುತ್ತೆ" ಎಂದು ಮೊದಲು ಅವರನ್ನೇ ಮನೆಗೆ ಕಳಿಸಿದರು. ಗಿಡ್ಡ ಇನ್ನೂ ಆರು ವರ್ಷ ಅಲ್ಲೇ ಇದ್ದ, ಬೀಳ್ಕೊಡುಗೆಯಲ್ಲಿ ಗಡಿಯಾರವನ್ನೂ ಗಿಟ್ಟಿಸಿಕೊಂಡ. ಇದಕ್ಕೆ ಏನೆನ್ನುತ್ತೀರಿ?

ಹೆಂಡತಿ ತೀರಿಕೊಂಡ ಮೇಲೆ ಮಗಳು ಬಂದು, "ನಾಲ್ಕು ದಿನ ನಮ್ ಮನೇಲಿ ಇರು ಬಾ ಅಪ್ಪ" ಎಂದು ಕರೆದುಕೊಂಡು ಹೋದಳು. ಬಾಡಿಗೆ ಮನೆ ಬಿಟ್ಟಾಯಿತು, ನಾಲ್ಕು ದಿನ ಎರಡು ವರ್ಷವಾಯಿತು. ಅವರಿಗೆ ಸಿಕ್ಕಿದ್ದು ಹಿತ್ತಲ ಕಡೆಯ ಸಣ್ಣ ಕೋಣೆ. ಒಂದು ಮಂಚ, ಮಡಚಿಟ್ಟ ಇಸ್ತ್ರಿ ಮೇಜು, ಗೋಡೆಗೆ ಒರಗಿಸಿದ ತೊಟ್ಟಿಲಿನ ಹಲಗೆಗಳು, ಹಿತ್ತಲು ಕಾಣುವ ಕಿಟಕಿ. ಮಂಚದಡಿಯ ಸ್ಪ್ಯಾನರ್ ಪೆಟ್ಟಿಗೆಯೊಂದೇ ಅವರದ್ದು. ಅದನ್ನು ತೆರೆಯುವ ಪ್ರಸಂಗವೂ ಬರಲಿಲ್ಲ, ಏಕೆಂದರೆ ಆ ಮನೆಯಲ್ಲಿ ನಲ್ಲಿ ಸೋರಿದರೂ ಅಳಿಯ ಫೋನ್ ಒತ್ತಿ ಕಂಪನಿಯವರನ್ನು ಕರೆಸುತ್ತಿದ್ದ.

ಆ ಅಳಿಯ ಒಂದು ದಿನ ಹಕ್ಕಿಗಳಿಗೆ ಕಾಳು ಹಾಕುವ ಗಾಜಿನ ಡಬ್ಬಿ ತಂದು, ಹಿತ್ತಲಲ್ಲಿ ಗೋಡೆಯ ಪಕ್ಕ ಕಬ್ಬಿಣದ ಕಂಬ ನೆಟ್ಟು ಅದರ ತುದಿಗೆ ಸಿಕ್ಕಿಸಿದ. ಮೊದಲ ವಾರ ಗುಬ್ಬಿಗಳು ಬಂದವು, ಬೆಳವಗಳು ಬಂದವು. ಎರಡನೆಯ ವಾರ ಬಾಲದ ತುದಿ ಮೊಂಡಾದ ಒಂದು ಅಳಿಲು ಬಂತು. ಕಂಬವನ್ನು ಸರಸರ ಏರಿ, ತಲೆಕೆಳಗಾಗಿ ಜೋತುಬಿದ್ದು, ಸೂರ್ಯಕಾಂತಿ ಬೀಜವನ್ನೆಲ್ಲ ಸುಲಿದು ತಿಂದು, ಸಿಪ್ಪೆಯನ್ನು ಹಕ್ಕಿಗಳ ಪಾಲಿಗೆ ಬಿಟ್ಟು ಹೋಯಿತು. ದಿನಾ ಇದೇ ಕಥೆ.

"ಅಪ್ಪ, ಇದಕ್ಕೇನಾದ್ರೂ ಮಾಡೋಕಾಗುತ್ತಾ?" ಎಂದು ಮಗಳು ಕೇಳಿದಳು.

ಕಾಫಿ ಬೇಕಾ, ಮಾತ್ರೆ ತಗೊಂಡ್ಯಾ ಎನ್ನುವುದನ್ನು ಬಿಟ್ಟರೆ, ಎರಡು ವರ್ಷದಲ್ಲಿ ಆ ಮನೆಯಲ್ಲಿ ಅವರನ್ನು ಯಾರಾದರೂ ಏನಾದರೂ ಕೇಳಿದ್ದು ಅದೇ ಮೊದಲು. ಮೇಸ್ತ್ರಿ ಮಂಚದಡಿಯಿಂದ ಪೆಟ್ಟಿಗೆ ಎಳೆದರು. ಒಂದೊಂದೇ ಸ್ಪ್ಯಾನರ್ ತೆಗೆದು ಧೂಳು ಒರೆಸಿ, ನಂಬರಿನ ಪ್ರಕಾರ ಮಂಚದ ಮೇಲೆ ಜೋಡಿಸಿದರು.

ಮೊದಲು ಕಂಬಕ್ಕೆ ಗ್ರೀಸ್ ಬಳಿದರು. ಅಳಿಲು ಎರಡು ದಿನ ಜಾರಿ ಬಿತ್ತು. ಮೂರನೆಯ ದಿನ ಐದು ವರ್ಷದ ಮೊಮ್ಮಗಳು ಹೋಗಿ ಕಂಬವನ್ನು ತಬ್ಬಿಕೊಂಡಳು. ಮಗಳು ಹೊಸ ಫ್ರಾಕನ್ನು ಉಜ್ಜಿದಳು, ಆ ಉಜ್ಜುವ ಸದ್ದೇ ಸಾಕಾಗಿತ್ತು. ಆಮೇಲೆ ತಗಡನ್ನು ಛತ್ರಿಯಂತೆ ಬಗ್ಗಿಸಿ ಕಂಬದ ನಡುವಿಗೆ ಕಟ್ಟಿದರು. ಅಳಿಲು ಗೋಡೆಯಿಂದ ಹಾರಿ ಡಬ್ಬಿಯ ಮೇಲೇ ಇಳಿಯಿತು. ಕಂಬವನ್ನೇ ಕಿತ್ತು ಹಿತ್ತಲ ನಟ್ಟನಡುವೆ ನೆಟ್ಟರೆ, ಬಟ್ಟೆ ಒಣಗಿಸುವ ತಂತಿಯ ಮೇಲೆ ದೊಂಬರಾಟ ಆಡಿಕೊಂಡು ಬಂತು. ತಂತಿಯನ್ನು ಬೇರೆಡೆ ಕಟ್ಟಿದರೆ, ತಗಡಿನ ಅಂಚನ್ನು ಹಿಡಿದು ಮೈ ತೂಗಿ ದಾಟುವುದನ್ನು ಕಲಿಯಿತು. ಮೂವತ್ತನಾಲ್ಕು ವರ್ಷ ಕಬ್ಬಿಣದ ಜೊತೆ ಗುದ್ದಾಡಿದ ಮನುಷ್ಯನಿಗೆ ಅಂಗೈಯಗಲದ ಪ್ರಾಣಿ ದಿನಕ್ಕೊಂದು ಸಲ ಚಳ್ಳೆಹಣ್ಣು ತಿನ್ನಿಸುತ್ತಿತ್ತು.

ನಿಜ ಹೇಳಬೇಕೆಂದರೆ ಆ ಮನೆಯಲ್ಲಿ ಅವರು ಸುಖವಾಗಿದ್ದ ಕಾಲ ಅದೇ. ಊಟಕ್ಕೆ ಕೂತಾಗ ಅಳಿಯ, "ಮಾವ, ಇವತ್ತು ಯಾರು ಗೆದ್ರಿ?" ಎನ್ನುತ್ತಿದ್ದ. ಮೊಮ್ಮಗಳು ತಟ್ಟೆಯ ಮುಂದೆ ಎದ್ದು ನಿಂತು ಅಳಿಲಿನ ಕುಣಿತ ಕುಣಿದು ತೋರಿಸುತ್ತಿದ್ದಳು. "ನೀನಿಲ್ದಿದ್ರೆ ಇದರ ಕಾಟ ಯಾರು ನೋಡ್ತಿದ್ರಪ್ಪಾ" ಎಂದು ಮಗಳು ಇನ್ನೊಂದು ಸೌಟು ಸಾರು ಬಡಿಸುತ್ತಿದ್ದಳು. ಆ ಮಾತನ್ನು ಮೇಸ್ತ್ರಿ ಕೋಣೆಗೆ ಹೋಗಿ ಮತ್ತೆ ಮತ್ತೆ ಮೆಲುಕು ಹಾಕುತ್ತಿದ್ದರು.

ಒಂದು ಮಧ್ಯಾಹ್ನ ಅಡುಗೆಮನೆಯ ಕಿಟಕಿಯ ಕೆಳಗೆ ಕುಕ್ಕರಗಾಲಲ್ಲಿ ಕೂತು ತಗಡು ಕತ್ತರಿಸುತ್ತಿದ್ದರು. ಒಳಗೆ ಅಳಿಯನ ದನಿ.

"ಮಗು ಶಾಲೆಗೆ ಹೋಗೋಕೆ ಶುರು ಮಾಡ್ತಾಳೆ, ಅವ್ಳಿಗೊಂದು ರೂಮ್ ಬೇಡ್ವಾ? ನಿಮ್ ಸೋದರತ್ತೆ ಒಬ್ರೇ ಇದಾರೆ. ಅಣ್ಣನ್ನ ಕಳ್ಸಿ ಅಂತ ಅವ್ರೇ ಕೇಳ್ತಿದಾರಲ್ಲ."

"ಸ್ವಲ್ಪ ದಿನ ತಡೀರಿ" ಎಂದಳು ಮಗಳು. "ಅಪ್ಪ ಆ ಅಳಿಲಿನ ಕೆಲಸ ಹಚ್ಕೊಂಡಿದಾರೆ. ಮಧ್ಯದಲ್ಲಿ ಹೇಗೆ ಹೇಳ್ಲಿ? ಅದೊಂದು ಮುಗೀಲಿ."

ಕತ್ತರಿ ತಗಡಿನಲ್ಲೇ ನಿಂತುಬಿಟ್ಟಿತು. ಇನ್ನೇನು ಬಿಡಿಸಿ ಹೇಳಬೇಕು? ಅಳಿಲು ಕಂಬ ಹತ್ತುತ್ತಿರುವವರೆಗೆ ಆ ಕೋಣೆ ಅವರದ್ದು. ಅಳಿಲು ಸೋತ ದಿನ ಅವರ ಗಂಟುಮೂಟೆಯೂ ಹೊರಕ್ಕೆ.

ಮೇಸ್ತ್ರಿ ಗಿಡ್ಡನಿಗೆ ಫೋನ್ ಮಾಡಿದರು. ಅವನು ಕೆಮ್ಮು ಬರುವಷ್ಟು ನಕ್ಕ. "ಜೀವಮಾನವೆಲ್ಲ ಬಿಡದ ಕಾಲು ಸುತ್ತು ಈಗಾದ್ರೂ ಬಿಡೋ, ಪೆದ್ದ! ಅದು ಹತ್ಲಿ. ಅದು ಹತ್ತೋವರೆಗೂ ನೀನು ತೆಪ್ಪಗೆ ಅಲ್ಲೇ ಇರು."

ಹನ್ನೊಂದು ದಿನ ಮೇಸ್ತ್ರಿ ಆ ಮಾತು ಕೇಳಿದರು. ಬೆಳಗ್ಗೆ ಹೋಗಿ ಕಂಬದ ಸುತ್ತ ಸುಮ್ಮನೆ ಟಕಟಕ ಮಾಡಿ ಬರುತ್ತಿದ್ದರು. ಮೊಂಡುಬಾಲ ಡಬ್ಬಿಯ ಮೇಲೆ ಕೂತು, ನೇರ ಅವರ ಕಿಟಕಿಯ ಕಡೆಗೇ ಮುಖ ಮಾಡಿ ಬೀಜ ಸುಲಿಯುತ್ತಿತ್ತು. ಮೇಸ್ತ್ರಿ ಹಲ್ಲು ಕಚ್ಚಿ ಸಹಿಸಿದರು. ಹನ್ನೊಂದನೆಯ ದಿನ ಊಟದಲ್ಲಿ ಅಳಿಯ ತಮಾಷೆಗೆ, "ಬಿಟ್ಬಿಡಿ ಮಾವ. ಅದು ನಿಮ್ಮನ್ನೂ ಮೀರಿಸ್ತು" ಎಂದ.

ಅಷ್ಟೇ. ಆ ಮಾತು ನೆತ್ತಿಗೇರಿತು. ಕೋಣೆ ಹೋದರೆ ಹೋಗಲಿ ಎಂದು ಅವರು ಯೋಚಿಸಿ ನಿರ್ಧರಿಸಿದರು ಎಂದುಕೊಳ್ಳಬೇಡಿ, ಯೋಚನೆಯೇ ಬರಲಿಲ್ಲ. ಮರುದಿನ ಬೆಳಗ್ಗೆಯೇ ಗುಜರಿಯಿಂದ ಮೊಣಕಾಲುದ್ದದ, ಅಂಗೈಗಿಂತ ಅಗಲವಾದ ತಗಡಿನ ಕೊಳವೆ ತಂದರು. ಅದರ ಮೇಲ್ಬಾಯಿಯನ್ನು ಮುಚ್ಚಿ, ಮುಚ್ಚಳಕ್ಕೆ ಕಂಬದ ಗಾತ್ರಕ್ಕೆ ಸರಿಯಾಗಿ ತೂತು ಕೊರೆದು, ಕಂಬಕ್ಕೆ ತೊಡಿಸಿದರು. ಕೊಳವೆ ಜಾರದಂತೆ ಮುಚ್ಚಳದ ಕೆಳಗೆ ಕಂಬವನ್ನು ಸುತ್ತಿ ಹಿಡಿಯುವ ಕಬ್ಬಿಣದ ಪಟ್ಟಿಯ ಕ್ಲಾಂಪ್ ಹಾಕಿ, ಹದಿಮೂರನೇ ನಂಬರಿನ ಸ್ಪ್ಯಾನರಿನಿಂದ ಬೋಲ್ಟು ಬಿಗಿದರು. ಹೇಗೆ ಬಿಗಿದರು ಎಂದು ಕೇಳುವುದೇ ಬೇಡ.

ಅಳಿಲು ಕಂಬ ಹತ್ತಿತು, ಕೊಳವೆಯೊಳಗೆ ನುಗ್ಗಿತು, ಮೇಲೆ ದಾರಿ ಮುಚ್ಚಿದ್ದು ಕಂಡು ಇಳಿದು ಬಂತು. ಹೊರಗಿನಿಂದ ಹತ್ತೋಣ ಎಂದರೆ ನುಣುಪು ತಗಡು, ತಬ್ಬಲು ಆಗದಷ್ಟು ದಪ್ಪ. ಮತ್ತೆ ಒಳಗೆ, ಮತ್ತೆ ಕೆಳಗೆ. ಸಂಜೆಯ ಹೊತ್ತಿಗೆ ಅದು ಹುಲ್ಲಿನಲ್ಲಿ ಕೂತು ಡಬ್ಬಿಯನ್ನು ನೋಡುತ್ತಿತ್ತು. ಮನೆಯವರೆಲ್ಲ ಚಪ್ಪಾಳೆ ತಟ್ಟಿದರು. ಅಳಿಯ ಕೈ ಕುಲುಕಿ, "ನೀವು ಬಿಗಿ ಮೇಸ್ತ್ರಿನೇ ಸೈ, ಮಾವ" ಎಂದ. ಮೇಸ್ತ್ರಿ ಬೀಗಿದರು. ಹುಚ್ಚಪ್ಪ!

ಹತ್ತು ದಿನ ಕಳೆದವು. ಮಗಳು ಕೋಣೆಗೆ ಬಂದು ಮಂಚದ ಅಂಚಿನಲ್ಲಿ ಕೂತು, ನೆಟ್ಟಗೇ ಇದ್ದ ಹಾಸಿಗೆ ಬಟ್ಟೆಯನ್ನು ನೆಟ್ಟಗೆ ಮಾಡತೊಡಗಿದಳು. "ಅಪ್ಪ, ಅತ್ತೆ ಒಬ್ರೇ ಇದಾರೆ. ಪಾಪ, ಮಾತಾಡೋಕೂ ಯಾರೂ ಇಲ್ಲ..."

"ಯಾವತ್ತು ಹೋಗ್ಲಿ?" ಎಂದರು ಮೇಸ್ತ್ರಿ.

ಅವಳು ಅತ್ತಳು. ಕಣ್ಣೀರು ಸುಳ್ಳಲ್ಲ, ಅದನ್ನು ಒಪ್ಪಬೇಕು. ಆದರೆ ಭಾನುವಾರ ಎಂದು ದಿನವನ್ನೂ ಹೇಳಿದಳು.

ಭಾನುವಾರ ಬೆಳಗ್ಗೆ ಅಳಿಯ ಕಾರಿಗೆ ಪೆಟ್ಟಿಗೆ ಇಡುತ್ತಿದ್ದಾಗ ಮೇಸ್ತ್ರಿ, "ಒಂದ್ಸಲ ಕಂಬ ನೋಡ್ಕೊಂಡು ಬಂದ್ಬಿಡ್ತೀನಿ" ಎಂದು ಹಿತ್ತಲಿಗೆ ಹೋದರು. ಜೇಬಿನಲ್ಲಿ ಹದಿಮೂರರ ಸ್ಪ್ಯಾನರ್ ಇತ್ತು. ಮಂಡಿಯೂರಿ, ಕೊಳವೆಯೊಳಗೆ ಕೈ ತೂರಿಸಿ, ಬೋಲ್ಟಿನ ತಲೆಗೆ ಅದನ್ನು ಕೂರಿಸಿದರು. ಕೈ ಒಪ್ಪಲಿಲ್ಲ. ಬಿಗಿಯುವ ದಿಕ್ಕಿಗೇ ಹೊರಳುತ್ತಿತ್ತು ಹಾಳು ಕೈ. ಇನ್ನೊಂದು ಕೈಯಿಂದ ಅದನ್ನು ಅದುಮಿ ಹಿಡಿದು, ಉಸಿರು ಬಿಗಿಹಿಡಿದು, ಎಡಕ್ಕೆ ತಿರುಗಿಸಿದರು. ಕಾಲು ಸುತ್ತು. "ಥೂ" ಎಂದು ತಮಗೆ ತಾವೇ ಹೇಳಿಕೊಂಡು ಮಂಡಿಯ ಮಣ್ಣು ಕೊಡವಿ ಎದ್ದರು.

ಕಾರು ಹತ್ತುವ ಮುಂಚೆ ಮಗಳಿಗೆ ಹೇಳಿದರು, "ಏನಾದ್ರೂ ಅಲ್ಲಾಡಿದ್ರೆ ಫೋನ್ ಮಾಡಮ್ಮ. ಬೇರೆಯವ್ರಿಗೆ ಅದು ತಿಳಿಯಲ್ಲ."

"ನಿನ್ ಕೆಲಸ ಎಲ್ಲಾದ್ರೂ ಅಲ್ಲಾಡುತ್ತಾ ಅಪ್ಪ?" ಎಂದು ಅವಳು ನಕ್ಕಳು. ಮೇಸ್ತ್ರಿಗೆ ತಲೆ ಎತ್ತಿ ಅವಳ ಮುಖ ನೋಡಲಾಗಲಿಲ್ಲ.

ತಂಗಿಯ ಮನೆ ನಾಲ್ಕನೆಯ ಮಹಡಿಯಲ್ಲಿತ್ತು. ನಡುಮನೆಯ ಸೋಫಾವನ್ನೇ ಬಿಡಿಸಿದರೆ ಹಾಸಿಗೆ. ಕಿಟಕಿಯಿಂದ ಎದುರು ಮನೆಗಳ ನೀರಿನ ಟ್ಯಾಂಕುಗಳು ಕಾಣುತ್ತಿದ್ದವು. ತಂಗಿ ಒಳ್ಳೆಯವಳು, ಬಿಸಿಬಿಸಿಯಾಗಿ ಬಡಿಸುತ್ತಿದ್ದಳು, ಬಿಡುವಿಲ್ಲದೆ ಮಾತಾಡುತ್ತಿದ್ದಳು. ಒಂದೇ ವಿಷಯ ಅವಳಿಗೆ ಅರ್ಥವಾಗುತ್ತಿರಲಿಲ್ಲ.

"ಅಣ್ಣ, ಮನೆಯೊಳಗೂ ಜೇಬಲ್ಲಿ ಸ್ಪ್ಯಾನರ್ ಯಾಕೆ? ಅಂಗಿಯೆಲ್ಲ ಜೋತುಬೀಳುತ್ತೆ."

"ಮಗಳು ಕರೀತಾಳೆ. ಅಲ್ಲೊಂದು ಕೆಲಸ ಇದೆ."

ಮನಸ್ಸಿನಲ್ಲೇ ಲೆಕ್ಕ ಹಾಕಿದ್ದರು. ಗಾಳಿ ಇಷ್ಟು, ಮಳೆ ಇಷ್ಟು, ಅಳಿಲಿನ ಒದೆತ ಇಷ್ಟು, ಐದು ವಾರ ಸಾಕು. ಆಡಬೇಕಾದ ಮಾತನ್ನೂ ಬಾಯಿಪಾಠ ಮಾಡಿಕೊಂಡಿದ್ದರು. ಐದು ವಾರ ದಾಟಿತು. ಆರನೆಯ ವಾರದ ಭಾನುವಾರ, ಬೆಳಗಿನ ಕಾಫಿಯ ಹೊತ್ತಿಗೆ, ವಿಡಿಯೋ ಕರೆ ಬಂತು.

"ತಾತಾ, ನೋಡು ನೋಡು! ಮೊಂಡುಬಾಲ ಬಂತು!" ಮೊಮ್ಮಗಳು ಕಿರುಚುತ್ತಿದ್ದಳು. ಕಂಬದ ಬುಡದಲ್ಲಿ ಕೊಳವೆ ಜಾರಿ ಬಿದ್ದಿತ್ತು. ಮೇಲೆ ಡಬ್ಬಿಗೆ ಜೋತುಬಿದ್ದ ಅಳಿಲು ಕಾಣಿಸಿತು. ಮೇಸ್ತ್ರಿ ಎದ್ದು ನಿಂತರು. ಕೈ ಜೇಬಿನ ಸ್ಪ್ಯಾನರಿಗೆ ಹೋಯಿತು.

"ಕ್ಲಾಂಪ್ ಸಡಿಲ ಆಗಿದೆ ಅಷ್ಟೇ. ಯಾರೂ ಮುಟ್ಬೇಡಿ. ನಾಳೆ ಬಸ್ಸಿಗೇ ಬರ್ತೀನಿ, ನಾಲ್ಕು ದಿನ ಇದ್ದು ಸರಿ ಮಾಡ್ತೀನಿ."

"ಅಯ್ಯೋ, ಅಷ್ಟಕ್ಕೆ ಅಷ್ಟು ದೂರ ಯಾಕಪ್ಪ?" ಮಗಳ ಮುಖ ಪರದೆಯ ತುಂಬ ಬಂತು. ನಗುತ್ತಿದ್ದಳು, ಪ್ರೀತಿಯಿಂದಲೇ ನಗುತ್ತಿದ್ದಳು. "ಇರ್ಲಿ ಬಿಡು. ನಿಜ ಹೇಳ್ಲಾ? ಹಕ್ಕಿಗಿಂತ ಇದೇ ಚೆಂದ. ಅದು ಬರ್ದೆ ಮಗುಗೂ ಬೇಜಾರಾಗಿತ್ತು. ಆಗ ನಿನಗೂ ಹೊತ್ತು ಹೋಗ್ಲಿ ಅಂತ ಹೇಳಿದ್ದು, ಅಷ್ಟೇ."

ಮೇಸ್ತ್ರಿ ಮತ್ತೆ ಸೋಫಾದಲ್ಲಿ ಕೂತರು. ಅಷ್ಟರಲ್ಲಿ ಪರದೆಯ ಆಚೆಯಿಂದ ಅಳಿಯನ ದನಿ ಕೇಳಿಸಿತು. ತಮಾಷೆಗೇ ಅಂದದ್ದು, ಅವನು ಯಾವಾಗಲೂ ತಮಾಷೆಗೇ ಅನ್ನುವುದು.

"ಅಂತೂ ಬಿಗಿ ಮೇಸ್ತ್ರಿ ಕೆಲಸಾನೂ ಇಷ್ಟೇ ನೋಡು. ಎರಡು ತಿಂಗಳು ತಾಳ್ಲಿಲ್ಲ."

ಅದು ತಾನಾಗಿ ಸಡಿಲವಾದದ್ದಲ್ಲ, ನಾನೇ ಬಿಟ್ಟದ್ದು ಎಂಬ ಮಾತು ನಾಲಿಗೆಯ ತುದಿಗೆ ಬಂತು. ಯಾಕೆ ಬಿಟ್ಟೆ ಎಂದು ಕೇಳಿದರೆ ಏನು ಹೇಳುವುದು? ನೀವು ನನ್ನನ್ನು ಕರೆಯಲಿ ಅಂತ ಬಿಟ್ಟೆ ಎನ್ನುವುದೇ?

"ವಯಸ್ಸಾಯ್ತಲ್ಲಮ್ಮ" ಎಂದರು. "ಕೈಯಲ್ಲಿ ಮೊದಲಿನ ಬಿಗಿ ಇಲ್ಲ."

ಪರದೆ ಆರಿತು. ತಂಗಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದು, "ಕರೆ ಬಂತಲ್ಲ ಅಣ್ಣ, ಯಾವತ್ತು ಹೊರಡ್ತೀಯ?" ಎಂದು ಕೇಳಿದಳು.

"ಕೆಲಸ ಇಲ್ವಂತೆ" ಎಂದರು ಮೇಸ್ತ್ರಿ. ಜೇಬಿನಿಂದ ಸ್ಪ್ಯಾನರ್ ತೆಗೆದು ಅವಳ ಕೈಗೆ ಕೊಟ್ಟರು. ಎಲ್ಲಿಡಬೇಕೆಂದು ತಿಳಿಯದೆ ಅವಳು ಅದನ್ನು ಚಮಚಗಳ ಡ್ರಾಯರಿನಲ್ಲಿ ಹಾಕಿದಳು.