ಪೆದ್ದ ಕೋಡಲು, ಚಿನ್ನ ಕೋಡಲು

ಇವತ್ತು ಬೆಳಿಗ್ಗೆ ಚಳ್ಳಕೆರೆಯ ನಮ್ಮ ಬೀದಿಯ ಹಿಟ್ಟಿನ ಗಿರಣಿಯಲ್ಲಿ ರಾಗಿ ಡಬ್ಬ ಇಟ್ಟುಕೊಂಡು ಸರದಿ ಕಾಯುತ್ತಿದ್ದೆ. ಬಿಸಿ ಹಿಟ್ಟಿನ ವಾಸನೆ ಮೂಗಿಗೆ ಅಡರಿ ಇನ್ನೇನು ಸೀನು ಬರಬೇಕು, ಅಷ್ಟರಲ್ಲಿ ಹಿಂದಿದ್ದ ಹಿರಿಯ ಹೆಂಗಸೊಬ್ಬರು ಪಕ್ಕದ ಹುಡುಗಿಯನ್ನು ಗಿರಣಿಯವನಿಗೆ ತೋರಿಸಿ, "ಮಾ ಪೆದ್ದ ಕೋಡಲು" ಎಂದರು. ಬಂದ ಸೀನು ಅಲ್ಲೇ ನಿಂತಿತು. ಹುಡುಗಿ ತಲೆ ತಗ್ಗಿಸಿದ್ದಳು. ನನಗೆ ಪಾಪ ಎನ್ನಿಸಿತು. ಅವಳ ಕಿವಿಯ ಹತ್ತಿರ ಬಾಗಿ, "ಬೇಜಾರು ಮಾಡ್ಕಬೇಡ ಕಣಮ್ಮ, ತೆಲುಗಲ್ಲಿ ಪೆದ್ದ ಅಂದ್ರೆ ದೊಡ್ಡ ಅಂತ. ಹಿರಿ ಸೊಸೆ ಅಂದ್ರು, ಅಷ್ಟೇಯ" ಎಂದೆ. ಅವಳು ಕಣ್ಣೆತ್ತಿ, "ಗೊತ್ತು ಆಂಟಿ, ನಮ್ಮನೇಲೂ ತೆಲುಗೇ" ಎಂದಳು. ತಲೆ ತಗ್ಗಿಸಿದ್ದು ಮೊಬೈಲ್ ನೋಡಲಿಕ್ಕಂತೆ.

ಈ ಅಧಿಕಪ್ರಸಂಗಕ್ಕೆ ಕಾರಣ ಹೇಳಬೇಕಾದರೆ ನಿಮ್ಮನ್ನು ಮೂವತ್ತು ವರ್ಷ ಹಿಂದಕ್ಕೆ, ಮೊಳಕಾಲ್ಮೂರಿನ ಒಂದು ಮಗ್ಗದ ಮನೆಗೆ ಕರೆದೊಯ್ಯಬೇಕು. ಆ ಮನೆಯ ಅಣ್ಣತಮ್ಮಂದಿರಿಬ್ಬರಿಗೂ ಒಂದೇ ಚಪ್ಪರದಲ್ಲಿ ಮದುವೆಯಾಯಿತು. ಅಣ್ಣನಿಗೆ ನಾನು, ತಮ್ಮನಿಗೆ ನಾಗವೇಣಿ. ನಮ್ಮವರೂ ನೇಕಾರರ ಪೈಕಿಯೇ. ಆದರೆ ನಮ್ಮ ತಾತ ಚಳ್ಳಕೆರೆಗೆ ಬಂದು ಜವಳಿ ಅಂಗಡಿ ಇಟ್ಟ ಮೇಲೆ ಮಗ್ಗವೂ ಮರೆತಿತ್ತು, ತೆಲುಗೂ ಮರೆತಿತ್ತು. ನಾಗವೇಣಿ ಗಡಿಯಾಚೆಯವಳು. ಆಂಧ್ರದ ಮಗ್ಗದ ಮನೆಯಲ್ಲೇ ಹುಟ್ಟಿ ಬೆಳೆದವಳು. ಅವಳು ನಡೆಯುವುದನ್ನು ಮೊದಲು ಕಲಿತಳೋ ಲಾಳಿ ಎಸೆಯುವುದನ್ನೋ ಅವರಮ್ಮನಿಗೇ ನೆನಪಿರಲಿಲ್ಲ.

ನಾಲ್ಕನೆಯ ದಿನ ಸೊಸೆಯರನ್ನು ನೋಡಲು ನೆರೆಯವರು ಬಂದರು. ಅತ್ತೆ ನನ್ನತ್ತ ಕೈ ತೋರಿಸಿ, "ಈಮೆ ಪೆದ್ದ ಕೋಡಲು" ಎಂದರು. ನಾಗವೇಣಿಯತ್ತ ತಿರುಗಿ, "ಈಮೆ ಚಿನ್ನ ಕೋಡಲು" ಎಂದರು. ನೀವೇ ಹೇಳಿ, ಕನ್ನಡದ ಕಿವಿಗೆ ಇದು ಹೇಗೆ ಕೇಳಿಸಬೇಕು? ನಾನು ಪೆದ್ದಿ, ಅವಳು ಚಿನ್ನ! ನಾಲ್ಕೇ ದಿನಕ್ಕೆ ಕಂಡುಹಿಡಿದುಬಿಟ್ಟರಲ್ಲ ಎಂದು ಜೋಳದ ಚೀಲದ ಹಿಂದೆ ಕೂತು ಅತ್ತುಬಿಟ್ಟೆ. ಚಳ್ಳಕೆರೆಯಲ್ಲಿ ಬೆಳೆದವಳಿಗೆ ಇಷ್ಟೂ ತೆಲುಗು ಬಾರದೇ ಎನ್ನುತ್ತೀರಿ. ಸಂತೆಯಲ್ಲಿ ಬೆಲೆ ಕೇಳುವಷ್ಟು ಬರುತ್ತಿತ್ತು. ಆದರೆ ಹೊಸ ಸೊಸೆಯ ಕಿವಿ ಬೈಗುಳಕ್ಕೇ ಕಾದು ಕೂತಿರುತ್ತದೆ, ಆಗ ಯಾವ ಭಾಷೆಯೂ ನೆಟ್ಟಗೆ ಕೇಳಿಸುವುದಿಲ್ಲ. ನಮ್ಮ ಯಜಮಾನರು ಸಂಗತಿ ಕೇಳಿ ಕೆಮ್ಮು ಬರುವವರೆಗೆ ನಕ್ಕರು. "ಪೆದ್ದ ಅಂದ್ರೆ ದೊಡ್ಡದು, ಚಿನ್ನ ಅಂದ್ರೆ ಚಿಕ್ಕದು ಕಣೇ" ಎಂದು ಬಿಡಿಸಿ ಹೇಳಿದರು.

ಅರ್ಥವೇನೋ ಆಯಿತು. ಆದರೆ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತ ಮೇಲೆ ಕನ್ನಡದ ಅರ್ಥವೇ ಸರಿ ಎಂದು ದಿನದಿನಕ್ಕೂ ಸಾಬೀತಾಗತೊಡಗಿತು. ಕಾಲು ತುಳಿದರೆ ಕೈ ನಿಲ್ಲುತ್ತಿತ್ತು, ಕೈ ಆಡಿದರೆ ಕಾಲು ಮರೆಯುತ್ತಿತ್ತು. ಲಾಳಿ ಹಾಸಿನ ಎಳೆಗಳ ನಡುವೆ ಹೋಗುವುದು ಬಿಟ್ಟು ಒಂದು ಸಲ ಮಾವನವರ ಕಾಫಿ ಲೋಟಕ್ಕೆ ಹೋಯಿತು. ಪಕ್ಕದ ಮಗ್ಗದಲ್ಲಿ ನಾಗವೇಣಿ ಯಾರ ಜೊತೆಗೋ ಹರಟುತ್ತಲೇ ಸೀರೆಯ ಮೇಲೆ ಬುಟ್ಟಾ ಹೂವು ಎತ್ತುತ್ತಿದ್ದಳು. ನನಗೆ ಆಗ ಇದ್ದದ್ದು ಒಂದೇ ಆಸೆ: ನಾಗವೇಣಿಯ ಹಾಗೆ ನೇಯಬೇಕು. ಸತ್ಯ ಹೇಳುತ್ತೇನೆ, ಹಾಗೆ ಅಲ್ಲ, ಅವಳಿಗಿಂತ ಚೆನ್ನಾಗಿ ನೇಯಬೇಕು, ಅದನ್ನು ಅವಳು ನೋಡಬೇಕು.

ಅತ್ತೆಯದೊಂದು ಪದ್ಧತಿಯಿತ್ತು. ಹಾಸು ಮುಗಿಯುತ್ತಾ ಬಂದಾಗ ಸೀರೆಗೆ ಸಾಲದ ಒಂದೆರಡು ಗೇಣು ಉಳಿದರೆ ಅದನ್ನು ನಮಗೆ ನೇಯಲು ಬಿಡುತ್ತಿದ್ದರು. ನೇಯ್ದ ತುಂಡನ್ನು ಕತ್ತರಿಸಿ, ಬೆಳಕಿಗೆ ಹಿಡಿದು ನೋಡಿ, ಅದರ ಯೋಗ್ಯತೆಗೆ ತಕ್ಕ ಜಾಗ ಕೊಡುತ್ತಿದ್ದರು. ನಾಗವೇಣಿಯ ಮೊದಲ ತುಂಡು ಸೀದಾ ದೇವರ ಗೂಡಿಗೆ ಹೋಗಿ ವಿಗ್ರಹದ ಕೆಳಗೆ ಹಾಸಾಯಿತು. ನನ್ನದು ಒಲೆಯ ಪಕ್ಕಕ್ಕೆ ಹೋಗಿ ಮಸಿಬಟ್ಟೆಯಾಯಿತು. ಅಪ್ಪಟ ರೇಷ್ಮೆ ಹಿಡಿದು ಸಾರಿನ ಪಾತ್ರೆ ಇಳಿಸುವ ಸಿರಿವಂತ ಮನೆ ಇಡೀ ತಾಲ್ಲೂಕಿನಲ್ಲಿ ನಮ್ಮದೊಂದೇ ಇದ್ದಿರಬೇಕು.

ಸಿಟ್ಟು ಬಂದಾಗ ತವರಿಗೆ ಹೊರಡುತ್ತಿದ್ದೆ. ಇನ್ನು ವಾಪಸ್ಸು ಬರುವುದಿಲ್ಲ ಎಂದು ಬಸ್ಸು ಹತ್ತಿದರೆ ದಾರಿಯಲ್ಲಿ ಬಿ.ಜಿ. ಕೆರೆ ಬರುವಷ್ಟರಲ್ಲಿ ಸಿಟ್ಟು ಅರ್ಧ ಇಳಿದು ಹಸಿವು ಶುರುವಾಗುತ್ತಿತ್ತು. ಚಳ್ಳಕೆರೆ ತಲುಪಿದಾಗ ಅವ್ವನಿಗೆ ಹೇಳಲು ಏನೂ ಉಳಿದಿರುತ್ತಿರಲಿಲ್ಲ. "ಯಾಕೆ ಬಂದೆ?" ಎಂದರೆ, "ಮಂಡಕ್ಕಿ ತಿನ್ನಾಕೆ" ಎನ್ನುತ್ತಿದ್ದೆ.

ಮೂರು ತಿಂಗಳಾದ ಮೇಲೆ ನನ್ನ ಎರಡನೆಯ ತುಂಡು ತಯಾರಾಯಿತು. ಅತ್ತೆ ಹಿತ್ತಿಲಲ್ಲಿದ್ದಾಗ ನನಗೊಂದು ಘನವಾದ ಉಪಾಯ ಹೊಳೆಯಿತು. ದೇವರ ಗೂಡಿನಿಂದ ನಾಗವೇಣಿಯ ತುಂಡು ತೆಗೆದು ನನ್ನದನ್ನು ಹಾಸಿದೆ. ಅವಳದನ್ನು ಒಲೆಯ ಪಕ್ಕ ಇಟ್ಟು ಏನೂ ಅರಿಯದವಳಂತೆ ಅಕ್ಕಿ ಆರಿಸುತ್ತಾ ಕೂತೆ. ಅತ್ತೆ ದೀಪ ಹಚ್ಚಲು ಹೋದವರು ಅಲ್ಲಿಂದಲೇ ಕೂಗಿದರು: "ಯಾರೇ ಅದು, ದೇವ್ರಿಗೆ ಮುಳ್ಳು ಹಾಸಿರೋದು?"

ಬೈಯುತ್ತಾರೆಂದು ಕಾದೆ. ಅವರು ಬೈಯಲಿಲ್ಲ. ನನ್ನ ಹೊಸ ತುಂಡನ್ನೂ ಮಸಿ ಹಿಡಿದ ಹಳೆಯದನ್ನೂ ತಂದು ನನ್ನ ಮುಂದೆ ಜೋಡಿಸಿಟ್ಟರು. ನನ್ನ ಕಣ್ಣು ಮಾತ್ರ ನಾಗವೇಣಿಯ ತುಂಡಿನ ಮೇಲೇ ಇತ್ತು. ಅತ್ತೆ ನನ್ನ ಗಲ್ಲ ಹಿಡಿದು ಮುಖ ಈ ಕಡೆ ತಿರುಗಿಸಿದರು. "ದಾನ್ನಿ ಚೂಡೊದ್ದು. ಅದನ್ನ ನೋಡಬೇಡ ಅಂದೆ. ಇಲ್ಲಿ ನೋಡು. ಇದೂ ನೀನೇ, ಇದೂ ನೀನೇ. ಆವಾಗ ಅಂಚು ಹಾವು ಹರಿದಂಗಿತ್ತು, ಈಗ ಮುಕ್ಕಾಲು ನೆಟ್ಟಗಾಗೈತೆ. ಎಳೆ ಕಡಿದಾಗ ಸೇರ್ಸೋದು ಮಾತ್ರ ಇನ್ನೂ ಬಂದಿಲ್ಲ. ಪರವಾಲೇದು." ಪರವಾಗಿಲ್ಲ ಎನ್ನುವುದಕ್ಕಿಂತ ದೊಡ್ಡ ಹೊಗಳಿಕೆ ಅವರ ಬಾಯಲ್ಲಿ ಇರಲಿಲ್ಲ. ಆ ತುಂಡಿಗೆ ಬಡ್ತಿ ಸಿಕ್ಕಿ ಉಪ್ಪಿನಕಾಯಿ ಜಾಡಿಯ ಬಾಯಿಗೆ ಕಟ್ಟುವ ಬಟ್ಟೆಯಾಯಿತು.

ಅಂದೇ ಜ್ಞಾನೋದಯವಾಯಿತು ಎಂದು ಬರೆದರೆ ನೀವು ನಂಬಬಹುದು, ಆದರೆ ಸುಳ್ಳಾಗುತ್ತದೆ. ಜಾಡಿ ಕಟ್ಟಿದ ಬಟ್ಟೆ ನೋಡಿದಾಗಲೆಲ್ಲ ನನಗೆ ದೇವರ ಗೂಡೇ ಕಾಣುತ್ತಿತ್ತು. ಜಾಡಿಯಿಂದ ಕನ್ನಡಿ ಒರೆಸುವುದಕ್ಕೆ, ಕನ್ನಡಿಯಿಂದ ಬಳೆ ಸುತ್ತಿಡುವುದಕ್ಕೆ, ಹೀಗೆ ಒಂದೊಂದೇ ಮೆಟ್ಟಿಲು ಏರಿದೆ. ಪ್ರತಿ ಸಲವೂ ಅತ್ತೆ ಹಿಂದಿನ ತುಂಡು ತಂದು ಪಕ್ಕದಲ್ಲಿಟ್ಟು ಏನಾದರೂ ಹೇಳುತ್ತಿದ್ದರು, ನಾನು ಕಳ್ಳಗಣ್ಣಿನಲ್ಲಿ ನಾಗವೇಣಿಯದನ್ನೇ ನೋಡುತ್ತಿದ್ದೆ. ಐದನೆಯ ವರ್ಷ ನನ್ನ ತುಂಡೂ ದೇವರ ಗೂಡಿಗೆ ಹೋಯಿತು. ಗೆದ್ದೆ ಎಂದು ಅವಳ ಮುಖ ನೋಡಿದೆ. ಅವಳು ಮಗ್ಗದಿಂದ ತಲೆ ಎತ್ತಲೇ ಇಲ್ಲ. ಹೊಟ್ಟೆಕಿಚ್ಚು ಎಂದುಕೊಂಡು ಎರಡು ದಿನ ಸಂತೋಷವಾಗಿದ್ದೆ.

ಆಮೇಲೆ ನಾವು ನಮ್ಮ ತಾತನ ಜವಳಿ ಅಂಗಡಿ ನೋಡಿಕೊಳ್ಳಲು ಚಳ್ಳಕೆರೆಗೆ ಬಂದೆವು. ಅತ್ತೆ ತೀರಿಹೋಗಿ ಎಂಟು ವರ್ಷವಾಯಿತು. ನಾಗವೇಣಿ ಈಗಲೂ ಅಲ್ಲೇ ನೇಯುತ್ತಾಳೆ.

ಇವತ್ತು ಹಿಟ್ಟು ತಂದು ಇಳಿಸುವಷ್ಟರಲ್ಲಿ ಅವಳದೇ ಫೋನು. ಅವಳನ್ನು ಮಹಿಳಾ ಸಂಘದ ಅಧ್ಯಕ್ಷೆ ಮಾಡಿದ್ದಾರಂತೆ. ಎಲ್ಲರ ಮುಂದೆ ಕನ್ನಡದಲ್ಲಿ ಓದಬೇಕು, ಬರೆಯಬೇಕು. ಅವಳು ಕಲಿತದ್ದು ತೆಲುಗು ಶಾಲೆಯಲ್ಲಿ ಐದನೆಯ ತರಗತಿಯವರೆಗೆ. "ಮೊಮ್ಮಗಳು ಪಟಪಟ ಬರೀತಾಳೆ ಅಕ್ಕಾ. ನನ್ನ ಅಕ್ಷರ ನೋಡಿ ನಗ್ತಾಳೆ. ಬಿಟ್ಟುಬಿಡಾನ ಅನ್ನಿಸ್ತೈತೆ" ಎಂದಳು. ಹಾಗೆಂದವಳೇ, "ಅಷ್ಟು ವರ್ಷ ದಡ್ಡಿಯಾಗಿ ಹೆಂಗೆ ತಡ್ಕಂಡೆ ಅಕ್ಕಾ ನೀನು?" ಎಂದು ಕೇಳಿದಳು. ಕುಹಕವಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು ಅವಳಿಗೆ.

ಉರಿದುಹೋಯಿತು. "ನಿನಗೇನು ತಾಯಿ, ಮೊದಲ್ನೇ ದಿನದಿಂದ ದೇವರ ಗೂಡಲ್ಲಿದ್ದೋಳು" ಎಂದೆ.

"ಅದೇ ಅಕ್ಕಾ" ಎಂದಳು. "ಅಲ್ಲಿಂದ ಮುಂದೆ ಹೋಗಾಕೆ ಜಾಗ ಎಲ್ಲೈತೆ? ಅತ್ತೆ ನಿನ್ನ ಕೂರಿಸ್ಕಂಡು ಅಷ್ಟೊತ್ತು ಮಾತಾಡೋರು. ನನ್ನ ತುಂಡು ತಗಂಡು ಸುಮ್ನೆ ಇಟ್ಟುಬಿಡೋರು. ಚೆನ್ನಾಗೈತೆ ಅಂತಲೂ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ನನಗೂ ಒಂದಿಷ್ಟು ಹೇಳಬಾರದಾ ಅಂತ ಆಸೆ ಆಗೋದು."

ನಾನು ಹಿಟ್ಟಿನ ಡಬ್ಬದ ಪಕ್ಕ ನೆಲದ ಮೇಲೆ ಕೂತೆ. ಆ ಮನೆಯಲ್ಲಿ ಅತ್ತೆಯಿಂದ ಎಲ್ಲರಿಗಿಂತ ಹೆಚ್ಚು ಪಡೆದವಳು ನಾನಾಗಿದ್ದೆ. ಪಕ್ಕದವಳ ತುಂಡು ನೋಡುವುದರಲ್ಲಿ ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಅವಳ ಮೇಲೆ ಮರುಕ ಬಂತು, ನನ್ನ ಮೇಲೆ ನಾಚಿಕೆಯೂ ಬಂತು.

"ಬರೆದಿದ್ದು ಕಳಿಸು" ಎಂದೆ. ಮೊಬೈಲಿಗೆ ಒಂದು ಫೋಟೋ ಬಂತು. ಗೆರೆ ಹಾಕಿದ ಹಾಳೆಯ ಮೇಲೆ ಒಂದೇ ಸಾಲು: "ಅಕಾ ಉಟ ಅಯತ." ಅಕ್ಕಾ, ಊಟ ಆಯಿತಾ ಎಂದು ಕೇಳಿದ್ದಳು. ಇದನ್ನು ಓದಿ ಒಳಗೊಳಗೇ ಎಷ್ಟು ಖುಷಿಯಾಯಿತು ಎಂಬುದನ್ನು ಮುಚ್ಚಿಟ್ಟು ಏನು ಪ್ರಯೋಜನ? ಬುದ್ಧಿ ಬಂದು ಇನ್ನೂ ಐದು ನಿಮಿಷ ಆಗಿರಲಿಲ್ಲ. ಒಂದು ಸಲ ಚೆನ್ನಾಗಿ ನಕ್ಕು ಮುಗಿಸಿ ಅವಳಿಗೆ ಫೋನು ಮಾಡಿದೆ.

"ಅಕ್ಕ ಅನ್ನೋಕೆ ಕ ಕೆಳಗೆ ಇನ್ನೊಂದು ಕ ಒತ್ತು ಬೇಕು. ಊಟದ ಊ ಉದ್ದ. ಆಯಿತಾದಲ್ಲಿ ಆ ಉದ್ದ, ಯ ಮೇಲೆ ಗುಡಿಸು ಬರ್ತೈತೆ" ಎಂದು ಶುರುಮಾಡಿದೆ. "ಆದ್ರೆ ಟ ಎಷ್ಟು ಗುಂಡಗೆ ಬಂದೈತೆ ನೋಡು. ಈ ಹಾಳೆ ಹರಿಬೇಡ. ನಾಳೆ ಬರೆದಿದ್ದನ್ನ ಮೊಮ್ಮಗಳ ಪುಸ್ತಕದ ಪಕ್ಕ ಇಡಬೇಡ, ಇದರ ಪಕ್ಕ ಇಟ್ಟು ನೋಡು."

ಆ ಕಡೆಯಿಂದ ಹಾಳೆ ಸರಿಸುವ ಸದ್ದಷ್ಟೇ ಕೇಳಿತು. ಜಾಸ್ತಿ ಹೇಳಿ ನೋಯಿಸಿದೆನೇನೋ ಎಂದು ಗಾಬರಿಯಾಯಿತು. "ನಾಗೂ, ಇದೀಯೇನೇ?" ಎಂದೆ.

"ಇದೀನಿ" ಎಂದಳು. "ಇನ್ನೂ ಐತೇನು ಅಕ್ಕಾ ತಪ್ಪು? ಹೇಳು, ಇನ್ನೊಂದಿಷ್ಟು ಹೇಳು."