ಉಳ್ಳಾಗಡ್ಡಿ ಪೊರೆಯ ಪರೀಕ್ಷೆ

ಬೆನ್ನು ತುರಿಸಿಕೊಳ್ಳಲು ಶಿವಯೋಗೀಶರ ಕೈಗೆ ಸಿಕ್ಕಿದ್ದು ಮೊಳದುದ್ದದ ಸಣ್ಣ ಉಕ್ಕಿನ ಕಡ್ಡಿ. ಒಂದು ತುದಿಗೆ ಕತ್ತರಿಯಂಥ ಹಿಡಿ, ಇನ್ನೊಂದು ತುದಿಗೆ ಗುಬ್ಬಿಯ ಕೊಕ್ಕಿನಷ್ಟು ಇಕ್ಕಳ. ಬೆಂಗೇರಿಯ ಗುಲಾಬಸಾಬರ ಅಂಗಡಿಗೆ ಗೋಡೆ ಗಡಿಯಾರದ ರಿಪೇರಿಗೆಂದು ಬಂದವರು, ಸಾಬರು ಒಳಗೆ ಹೋದದ್ದೇ ಸಮಯವೆಂದು ಅದನ್ನು ಕಾಲರಿನೊಳಗೆ ಇಳಿಬಿಟ್ಟರು. ಹಿತವೆನಿಸಿತು. ಆ ಸುಖದಲ್ಲಿ ಹಿಡಿ ಅಮುಕಿದ್ದೇ ತಡ, ಇಕ್ಕಳ ಬನಿಯನ್ ಕಚ್ಚಿ ಬೀಗ ಹಾಕಿಕೊಂಡಿತು. ಎಳೆದರೆ ಬರದು, ಬಿಟ್ಟರೆ ಬೀಳದು. ಐವತ್ತೆರಡು ವರ್ಷದ ಹತ್ತಿ ವ್ಯಾಪಾರಿ, ಕುತ್ತಿಗೆಯಿಂದ ಹಿಡಿ ಚಾಚಿಕೊಂಡೇ, ಬಾಗಿಲಿಗೆ ಬಂದ ಗಿರಾಕಿ ಹೆಣ್ಣುಮಗಳಿಗೆ ಗಂಭೀರವಾಗಿ ನಮಸ್ಕಾರ ಮಾಡಬೇಕಾಯಿತು.

ಸಾಬರು ಬಂದರು, ನಗಲಿಲ್ಲ. ಹಿಡಿಯ ಬಳಿಯ ಸಣ್ಣ ಕೊಕ್ಕೆ ಒತ್ತಿ ಬಿಡಿಸಿದರು.

"ಇದು ದವಾಖಾನಿದು ಸಾವ್ಕಾರ್ರ. ಹೊಟ್ಟಿಗೆ ತೂತು ಹಾಕಿ, ಕ್ಯಾಮೆರಾ ಬಿಟ್ಟು, ಇದ್ರಲೆ ಪಿತ್ತಕೋಶ ಹಿಡೀತಾರ."

ಶಿವಯೋಗೀಶರ ಕೈ ತಾನಾಗಿಯೇ ಬಲಪಕ್ಕೆಯ ಕೆಳಗೆ ಹೋಯಿತು. ಅಲ್ಲಿ ಮೂರು ಹರಳುಗಳಿದ್ದವು. ನಾಡಿದ್ದು ಬೆಳಿಗ್ಗೆ ಆಪರೇಶನ್. ಯಾವ ದವಾಖಾನೆಯದೆಂದು ಕೇಳಿದರು. ಸಾಬರು ಹೇಳಿದ್ದು ಇವರ ಆಪರೇಶನ್ ಆಗಬೇಕಿದ್ದ ಅದೇ ದವಾಖಾನೆ. ಡಾಕ್ಟರು ನಾಲ್ಕೇ ತೂತು ಎಂದಾಗ ಇವರು ವಿದೇಶದ ಯಂತ್ರವೊಂದನ್ನು ಊಹಿಸಿಕೊಂಡಿದ್ದರು. ಅದು ಬೆಂಗೇರಿಯ ಅಂಗಡಿಯಲ್ಲಿ ಹೊಲಿಗೆ ಯಂತ್ರದ ಚಕ್ರಕ್ಕೆ ಒರಗಿ ಕೂತಿರುತ್ತದೆಂದು ಯಾರೂ ಹೇಳಿರಲಿಲ್ಲ.

ಗುಲಾಬಸಾಬರ ತಂದೆ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದರು, ಮಗ ಕೈಗಡಿಯಾರ ಹಿಡಿದ. ಮೊಬೈಲು ಬಂದು ಜನ ಮಣಿಕಟ್ಟು ನೋಡುವುದನ್ನೇ ಬಿಟ್ಟಾಗ, ಹಳೆಯ ಗಿರಾಕಿಯಾದ ಡಾಕ್ಟರೊಬ್ಬರು ಬಾಯಿ ತೆರೆಯದ ಇಂಥದೊಂದು ಕಡ್ಡಿ ತಂದಿಟ್ಟರು. ಸಾಬರು ಕಣ್ಣಿಗೆ ಮಸೂರ ಸಿಕ್ಕಿಸಿ, ಒಂದು ಸಂಜೆಯೆಲ್ಲ ಕೂತು ಅದರ ಬಾಯಿ ಬಿಡಿಸಿದರು. ಅಂದಿನಿಂದ ತಿಂಗಳಿಗೊಮ್ಮೆ ದವಾಖಾನೆಯಿಂದ ಇಂಥ ಕಡ್ಡಿಗಳ ಡಬ್ಬಿ ಬರುತ್ತದೆ. ವಾಪಸು ಹೋದ ಮೇಲೆ ಎಲ್ಲವನ್ನೂ ತೊಳೆದು ಹಬೆಯಲ್ಲಿಡುತ್ತಾರೆ, ಸಾವ್ಕಾರರ ಬೆನ್ನಿನ ಬೆವರೂ ಅಲ್ಲೇ ಹೋಗುತ್ತದೆ ಎಂದು ಸಾಬರು ಸಮಾಧಾನ ಹೇಳಿದರು.

ರಿಪೇರಿಯಾದ ಕಡ್ಡಿಗೆ ಅವರ ಪರೀಕ್ಷೆ ಒಂದೇ. ಉಳ್ಳಾಗಡ್ಡಿಯ ಪದರುಗಳ ನಡುವಿನ ತೆಳು ಪೊರೆ ಸುಲಿದು, ನೀರಿನ ಬಟ್ಟಲಿಗೆ ಹಾಕಿ, ಇಕ್ಕಳದಿಂದ ಹಿಡಿದೆತ್ತುವುದು. ಹರಿಯಬಾರದು, ಜಾರಬಾರದು.

ಮೊದಲ ಪೊರೆ ಹರಿಯಿತು. ಶಿವಯೋಗೀಶರ ಕೈ ಮತ್ತೆ ಬಲಪಕ್ಕೆಗೆ ಹೋಯಿತು. ಎರಡನೆಯದು ಜಾರಿ ನೀರಿಗೆ ಬಿತ್ತು. ಅವರು ಸ್ಟೂಲು ಹುಡುಕಿ ಕೂತರು. ಸಾಬರು ಸ್ಕ್ರೂ ಕೂದಲೆಳೆಯಷ್ಟು ತಿರುಗಿಸಿ ಮೂರನೆಯದನ್ನು ಎತ್ತಿ ಬೆಳಕಿಗೆ ಹಿಡಿದರು. ಪೊರೆ ಅಲುಗಾಡದೆ ನಿಂತಿತು. ಶಿವಯೋಗೀಶರಿಗೆ ಮಾತ್ರ ಮೊದಲೆರಡು ಪೊರೆಗಳೇ ಕಣ್ಣಮುಂದಿದ್ದವು. ಹೆಂಡತಿ ಆರತಿಗೆ ಫೋನ್ ಮಾಡಿ ಆಪರೇಶನ್ ಮುಂದೂಡೋಣವೆಂದು ಹೇಳಲು ನೋಡಿದರು. ಆದರೆ ಈಗಾಗಲೇ ಎರಡು ಸಲ ಮುಂದೂಡಿಯಾಗಿತ್ತು. ಕಳೆದ ವಾರ ಮದುವೆಯೊಂದರ ಪಂಕ್ತಿಯಲ್ಲೇ ನೋವಿನಿಂದ ಮುದುಡಿ ಬಿದ್ದ ಮೇಲೆ ಆಕೆ ಮೂರನೆಯ ಸಲ ಒಪ್ಪುವವಳಲ್ಲ.

ಕಡೆಗೆ ದನಿ ತಗ್ಗಿಸಿ ಕೇಳಿದರು, "ಗುಲಾಬಸಾಬ್ರ, ಖರೇ ಹೇಳ್ರಿ. ನಿಮ್ಮ ಹೊಟ್ಟ್ಯಾಗ ಇದನ್ನ ಬಿಡಾಕ ನೀವು ಒಪ್ಪತಿದ್ರೇನು?"

ಸಾಬರು ಅಂಗಿ ಎತ್ತಿ ನಾಲ್ಕು ಸಣ್ಣ ಗುರುತು ತೋರಿಸಿದರು.

"ಹೋದ ವರ್ಷ ನನ್ನ ಹೊಟ್ಟ್ಯಾಗ ಇದನ್ನ ಬಿಟ್ಟಾರಲ್ರಿ. ನಾ ಅಂಗಡಿಗೆ ವಾಪಸ್ ಬಂದ ಮ್ಯಾಲ ಇದರ ಸ್ಕ್ರೂ ಸ್ವಲ್ಪ ಬಿಗಿ ಮಾಡೇನಿ."