ನಾದಿನಿಯ ಕಂಪ್ಯೂಟರ್, ಅಳಿಯನ ಬೀಗ

ನನ್ನ ನಾದಿನಿಗೆ ಕಣ್ಣು ಕಾಣುವುದಿಲ್ಲ. ಕಿವಿ ಚೆನ್ನಾಗಿ ಕೇಳುತ್ತದೆ. ಇದನ್ನು ಮೊದಲೇ ಹೇಳಿಬಿಡಬೇಕು. ನಾವಿಬ್ಬರೂ ಯಾರ ಮನೆಗೆ ಹೋದರೂ ಜನ ಅವಳಿಗೆ ಕಿವಿಯೂ ಇಲ್ಲ, ಬಾಯಿಯೂ ಇಲ್ಲ ಎಂದುಕೊಂಡು ಎಲ್ಲವನ್ನೂ ನನ್ನನ್ನೇ ಕೇಳುತ್ತಾರೆ. “ಅವರಿಗೆ ಸಕ್ಕರೆ ಎಷ್ಟು ಹಾಕಲಿ?” ಎನ್ನುತ್ತಾರೆ. “ಅವರಿಗೆ ಒಂದೇ ಚಮಚ ಸಾಕಂತೆ, ಈಗ ತಾನೇ ಹೇಳಿದರು” ಎಂದು ಪಕ್ಕದ ಕುರ್ಚಿಯಿಂದ ಅವಳೇ ಉತ್ತರ ಕೊಡುತ್ತಾಳೆ. ಆಗಲಾದರೂ ನಾಚಿಕೆಯಾಗಬೇಕಲ್ಲ? ಇಲ್ಲ. ನನ್ನ ಮುಖ ನೋಡಿ ನಗುತ್ತಾರೆ.

ಒಂಬತ್ತನೆಯ ವಯಸ್ಸಿನಲ್ಲಿ ಜ್ವರ ಬಂದು ಅವಳ ಕಣ್ಣು ಹೋಯಿತು. ಅಷ್ಟರಲ್ಲಿ ಕನ್ನಡದ ಅಕ್ಷರಗಳನ್ನೂ ಇಂಗ್ಲಿಷಿನ ಅಕ್ಷರಗಳನ್ನೂ ಕಲಿತಿದ್ದಳು. ನಾನು ಆ ಮನೆಗೆ ಸೊಸೆಯಾಗಿ ಬಂದಾಗ ಬಟ್ಟೆಯ ಗಿರಣಿಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದಳು. ಹಲೋ ಎಂದ ದನಿಯಲ್ಲೇ ಯಾರೆಂದು ಗುರುತು ಹಿಡಿಯುತ್ತಿದ್ದಳು; ಮನೆಯಲ್ಲಿ ಜಗಳವಾಡಿ ಬಂದಿದ್ದಾರೋ ಇಲ್ಲವೋ ಅದೂ ತಿಳಿಯುತ್ತಿತ್ತು. ಈ ಮನೆಯನ್ನು ಅಣ್ಣ ತಂಗಿ ಸೇರಿಯೇ ಕಟ್ಟಿಸಿದರು, ಪತ್ರದಲ್ಲಿ ಇಬ್ಬರ ಹೆಸರೂ ಇದೆ. ನನ್ನ ಯಜಮಾನರು ತೀರಿಕೊಂಡ ಮೇಲೆ ನೆಂಟರು ನನ್ನನ್ನು ಪಕ್ಕಕ್ಕೆ ಕರೆದು, “ಇನ್ನೂ ನಿಮ್ಮ ಜೊತೇಲೇ ಇದಾಳಾ?” ಎಂದು ಕೇಳಿದ್ದುಂಟು. “ಇಲ್ಲ, ನಾನೇ ಅವಳ ಜೊತೇಲಿದೀನಿ” ಎಂದೆ. ಮತ್ತೆ ಕೇಳಲಿಲ್ಲ.

ಗಿರಣಿಯಲ್ಲಿ ಆಪರೇಟರುಗಳು ಬೇಡವಾದಾಗ ಅವಳು ಟೈಪಿಂಗ್ ಕಲಿತಳು. ನಮ್ಮ ಬೀದಿಯಾಚೆ ಒಂದು ಮುದ್ರಣಾಲಯವಿದೆ. ವಯಸ್ಸಾದವರು, ಬರೆಯಲಾರದವರು ತಮ್ಮ ಕಥೆಯನ್ನು ಬಾಯಲ್ಲಿ ಹೇಳಿ ಅಲ್ಲಿ ರೆಕಾರ್ಡು ಮಾಡಿಸುತ್ತಾರೆ, ಮುದ್ರಣಾಲಯದವರು ಪುಸ್ತಕ ಮಾಡಿ ಕೊಡುತ್ತಾರೆ. ಆ ಮಾತನ್ನು ಕೇಳಿಸಿಕೊಂಡು ಟೈಪು ಮಾಡುವ ಕೆಲಸ ನಾದಿನಿಯದು. ಅವಳ ಕಂಪ್ಯೂಟರಿನಲ್ಲಿ ಒಂದು ದನಿ ಇರುತ್ತದೆ. ಅವಳ ಬೆರಳು ಏನನ್ನು ಒತ್ತಿತು, ಪರದೆಯ ಮೇಲೆ ಏನು ಮೂಡಿತು ಎಂಬುದನ್ನು ಅದು ಓದಿ ಹೇಳುತ್ತದೆ. ಡಬ್ಬಿಯಲ್ಲಿ ಜಲ್ಲಿ ಹಾಕಿ ಅಲ್ಲಾಡಿಸಿದಂಥ ದನಿ. ಅವಳು ಅದನ್ನು ಎಷ್ಟು ಜೋರಾಗಿ ಓಡಿಸುತ್ತಾಳೆಂದರೆ ನನಗೆ ಒಂದು ಪದವೂ ತಿಳಿಯುವುದಿಲ್ಲ. ಅವಳಿಗೆ ತಿಳಿಯುತ್ತದೆ, ಅಷ್ಟು ಸಾಕು. ನಮಗೆ ಕಣ್ಣು ಹೇಗೋ ಅವಳಿಗೆ ಅದು ಹಾಗೆ.

ಈಚೆಗೆ ಕಂಪ್ಯೂಟರಿಗೆ ವಯಸ್ಸಾಯಿತು. ದನಿ ಅರ್ಧ ಪದ ಹೇಳಿ ಉಸಿರು ಕಟ್ಟಿದ ಹಾಗೆ ನಿಲ್ಲುತ್ತಿತ್ತು. ಅವಳ ಹಳೆಯ ಗೆಳೆಯರೊಬ್ಬರು ಸಂಗೀತದ ಮೇಷ್ಟ್ರು, ಅವರಿಗೂ ಕಣ್ಣಿಲ್ಲ. ಫೋನಿನಲ್ಲಿ ಅವರು ಹೇಳಿದರು: “ಯಂತ್ರ ಬದಲಾಯಿಸಬೇಡಮ್ಮ, ಒಳಗಿನ ವ್ಯವಸ್ಥೆ ಬದಲಾಯಿಸು. ಓಪನ್ ಸೋರ್ಸ್ ಅಂತ ಇದೆ, ಯಾರ ಅಪ್ಪನ ಆಸ್ತಿಯೂ ಅಲ್ಲ. ಓದೋ ದನಿ ಅದರ ಜೊತೆಗೇ ಬರುತ್ತೆ.” ದನಿ ಜೊತೆಗೇ ಬರುತ್ತದೆ ಎಂಬ ಒಂದೇ ಕಾರಣಕ್ಕೆ ನಾದಿನಿ ಅದನ್ನು ಬಯಸಿದಳು. ಇದನ್ನು ನೆನಪಿಡಿ.

ಹಾಕಿಕೊಡುತ್ತೇನೆ ಎಂದು ಮುಂದೆ ಬಂದವನು ನನ್ನ ಅಳಿಯ. ಅವನ ಕಚೇರಿಯಲ್ಲಿ ಯಾರ ಕಂಪ್ಯೂಟರ್ ಕೆಟ್ಟರೂ ಅವನನ್ನೇ ಕರೆಯುತ್ತಾರಂತೆ. ಕೆಟ್ಟವನಲ್ಲ. ನನಗೆ ಔಷಧಿ ತಂದುಕೊಡುತ್ತಾನೆ, ನಲ್ಲಿ ಸೋರಿದರೆ ಬರುತ್ತಾನೆ. ಆದರೆ ಮದುವೆಯಾಗಿ ಇಷ್ಟು ವರ್ಷವಾದರೂ ನನ್ನ ನಾದಿನಿಯನ್ನು ಒಂದು ಸಂಬಂಧ ಹಿಡಿದು ಕರೆದವನಲ್ಲ. ನಾನು ‘ಅತ್ತೆ’. ಅವಳು ‘ಅವರು’.

ಒಂದು ಭಾನುವಾರ ಅವಳು ಮುದ್ರಣಾಲಯಕ್ಕೆ ಹೋದ ಹೊತ್ತಿಗೆ ಅವನು ಬಂದ. ಅವಳು ಟೈಪು ಮಾಡಿದ್ದನ್ನೆಲ್ಲ ತೆಗೆದಿಟ್ಟು, ಹಳೆಯದನ್ನು ಅಳಿಸಿ, ಹೊಸದನ್ನು ಹಾಕಿ, ತೆಗೆದಿಟ್ಟದ್ದನ್ನು ತಿರುಗಿ ತುಂಬಿದ. ಅಲ್ಲಿಯವರೆಗೆ ಸರಿಯೇ. ಆಮೇಲೆ ಬಹಳ ಹೊತ್ತು ಕುಳಿತು ಅದನ್ನು ಸಿಂಗರಿಸಿದ.

“ನೋಡಿ ಅತ್ತೆ, ಹೇಗಿದೆ! ಪೂರ್ತಿ ಪುಕ್ಕಟೆ. ಯಾರು ಬೇಕಾದ್ರೂ ಬಿಚ್ಚಿ ನೋಡಬಹುದು, ತಿದ್ದಬಹುದು.”

ನೋಡಿದೆ. ನೀಲಿ ಬೆಟ್ಟ, ಕೆಳಗೆ ಕೆರೆ, ಮೂಲೆಯಲ್ಲಿ ದುಂಡನೆಯ ಗಡಿಯಾರ, ಕೆಳಗಡೆ ಸಾಲಾಗಿ ಬಣ್ಣ ಬಣ್ಣದ ಚಿತ್ರ. ಚೆನ್ನಾಗಿಯೇ ಇತ್ತು. ಯಾರಿಗೆ ಎಂದು ಕೇಳಲು ಆಗ ನನಗೂ ಹೊಳೆಯಲಿಲ್ಲ. ಅವನು ಅವಸರದಲ್ಲಿ ಹೊರಟುಹೋದ.

ನಾದಿನಿ ಬಂದಳು. ಕೈ ತೊಳೆದುಕೊಂಡು ಹಿಂದಿನ ಕೋಣೆಯ ಮೇಜಿಗೆ ಹೋಗಿ ಕುಳಿತಳು. ಒಂದು ಕೀಲಿ ಒತ್ತಿದಳು, ತಲೆ ಬಗ್ಗಿಸಿ ಕಾದಳು. ಮತ್ತೊಂದು ಒತ್ತಿದಳು.

“ಅತ್ತಿಗೆ, ಆನ್ ಆಗಿದೆಯಾ?”

“ಆಗಿದೆ. ಬೆಟ್ಟ ಕಾಣ್ತಿದೆ.”

“ಯಾವ ಬೆಟ್ಟ?”

“ನೀಲಿ ಬೆಟ್ಟ. ಕೆಳಗೆ ಕೆರೆ.”

“ಬೆಟ್ಟ ಯಾಕೆ ಬೇಕಿತ್ತು ನನಗೆ?” ಎಂದಳು. ಆಮೇಲೆ ಮೆಲ್ಲಗೆ, “ದನಿ ಎಲ್ಲಿ?”

ಅಳಿಯನಿಗೆ ಫೋನ್ ಮಾಡಿದೆ, ಅವಳಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದೆ.

“ಓ, ಆ ಗೊಣಗಾಟಾನಾ? ತೆಗೆದುಬಿಟ್ಟೆ ಅತ್ತೆ. ಸುಮ್ನೆ ಜಾಗ ತಿನ್ನುತ್ತೆ, ಮನೆಯೆಲ್ಲ ಗಲಾಟೆ ಬೇರೆ. ಏನಾದ್ರೂ ಓದಬೇಕಿದ್ರೆ ನೀವಿದೀರಲ್ಲ.”

“ವಾಪಸ್ ಹಾಕೋದು ಹೇಗೆ, ಹೇಳಪ್ಪ.”

“ಅದಕ್ಕೆ ಪಾಸ್‌ವರ್ಡ್ ಬೇಕು. ಅದು ನನ್ನ ಹತ್ರಾನೇ ಇರಲಿ. ಅವರು ಏನೋ ಒತ್ತಿ ಏನೋ ಕೆಡಿಸ್ತಾರೆ. ಮುಂದಿನ ಭಾನುವಾರ ಬಂದು ನೋಡ್ತೀನಿ.”

ಫೋನ್ ಇಟ್ಟ. ಯಾರು ಬೇಕಾದರೂ ಬಿಚ್ಚಿ ನೋಡಬಹುದಂತೆ! ಊರಿಗೆಲ್ಲ ತೆರೆದ ಬಾಗಿಲು, ಮನೆಯವಳಿಗೆ ಮಾತ್ರ ಬೀಗ. ಬೀಗದ ಕೈ ಅಳಿಯನ ಜೇಬಿನಲ್ಲಿ. ಕಾಲಿಲ್ಲದವನ ಊರುಗೋಲು ಕಿತ್ತುಕೊಂಡು ಗೋಡೆಗೆ ಬಣ್ಣ ಬಳಿದುಕೊಟ್ಟ ಹಾಗಾಯಿತು. ಅದಕ್ಕೆ ನಾವು ಉಪಕಾರ ಬೇರೆ ನೆನೆಯಬೇಕು.

ಅವಳು ಆ ದಿನ ತಂದಿದ್ದು ಒಬ್ಬ ಹಳೆಯ ರೈಲು ಚಾಲಕನ ಮಾತು. ಗುರುವಾರದೊಳಗೆ ಬೇಕೆಂದು ಮುದ್ರಣಾಲಯದವರು ಹೇಳಿದ್ದರು. ಅವರಿಗೂ ಫೋನ್ ಮಾಡಿ ವಿಷಯ ತಿಳಿಸಿದಳು. “ಆಗದಿದ್ರೆ ಹೇಳಿಬಿಡಿ ಅಮ್ಮ, ಬೇರೆ ಹುಡುಗಿ ಇದಾಳೆ, ಅವಳಿಗೇ ಕೊಡ್ತೀನಿ. ಮುಂದಕ್ಕೂ ನಿಮಗೆ ತೊಂದರೆ ಬೇಡ” ಎಂದರು. ಮುಂದಕ್ಕೂ! ಒಂದು ವಾರದ ಮಾತಲ್ಲ ಅದು, ಅವಳ ಕೆಲಸವೇ ಹೋಗುವ ಮಾತು.

“ಆಗುತ್ತೆ” ಎಂದಳು ನಾದಿನಿ.

ಸೋಮವಾರ ಬೆಳಗ್ಗೆ ದನಿಯಿಲ್ಲದೆಯೇ ಕುಳಿತಳು. ಬರೆಯುವ ಪುಟವನ್ನು ನಾನೇ ಹೇಗೋ ಚಿತ್ರ ಹುಡುಕಿ ತೆರೆದುಕೊಟ್ಟೆ. ರೈಲು ಚಾಲಕನ ಮಾತು ಕಿವಿಗೆ ಹಾಕಿಕೊಂಡು ಟೈಪು ಮಾಡತೊಡಗಿದಳು. ನಾನು ಅಡುಗೆಮನೆಯಲ್ಲಿದ್ದೆ. ಬೆರಳಿನ ಸದ್ದು ನಿಲ್ಲದೆ ಬರುತ್ತಿತ್ತು, ಸರಿಹೋಯಿತಲ್ಲ ಎಂದುಕೊಂಡೆ. ಊಟದ ಹೊತ್ತಿಗೆ, “ಅತ್ತಿಗೆ, ಒಂದು ಸಲ ಓದಿ ನೋಡಿ” ಎಂದಳು.

ಪರದೆ ನೋಡಿದೆ. ನನ್ನ ಓದು ಕನ್ನಡದ್ದು ಮಾತ್ರ, ಅದೂ ಕೂಡಿಸಿ ಕೂಡಿಸಿ. ಅಲ್ಲಿ ನನಗೆ ಓದಲು ಒಂದಕ್ಷರವೂ ಇರಲಿಲ್ಲ.

“ಇಂಗ್ಲಿಷಿದೆ ಕಣೇ.”

“ಎಷ್ಟು?”

“ಎಲ್ಲಾ.”

ಕೀಬೋರ್ಡಿಗೆ ಕನ್ನಡವನ್ನೇ ಕೂಡಿಸಿರಲಿಲ್ಲ ಅವನು. ಅವಳು ಬೆಳಗಿನಿಂದ ಕನ್ನಡವನ್ನೇ ಒತ್ತಿದ್ದಾಳೆ. ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ರಾಶಿ ಹಾಕಿದೆ. ದನಿಯಿದ್ದಿದ್ದರೆ ಮೊದಲ ಅಕ್ಷರಕ್ಕೇ ಗೊತ್ತಾಗುತ್ತಿತ್ತು. ಅವಳು ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಆ ಕೈಗಳನ್ನು ನೋಡಿ ನನಗೆ ಮೈಯೆಲ್ಲ ಉರಿಯಿತು.

ಊಟವಾದ ಮೇಲೆ ಅವಳೇ ಅಳಿಯನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು. ಅವನು ದನಿ ಕೇಳಿದ ಕೂಡಲೇ, “ಅತ್ತೆಗೆ ಕೊಡಿ” ಎಂದ.

“ಅತ್ತೆ ಇಲ್ಲ” ಎಂದು ನಾನೇ ಗಟ್ಟಿಯಾಗಿ ಹೇಳಿದೆ.

“ಅಯ್ಯೋ, ಅತ್ತೆ, ಅಲ್ಲೇ ಇದೀರಲ್ಲ!”

“ಇದೀನಿ, ಆದ್ರೆ ಇಲ್ಲ. ಕಂಪ್ಯೂಟರ್ ಅವಳದು, ಅವಳ ಹತ್ರ ಮಾತಾಡಪ್ಪ.”

ನಾದಿನಿ ಗಿರಣಿಯ ಕಾಲದ ದನಿಯಲ್ಲಿ, “ಲೈನ್ ಇದೆ, ಮಾತಾಡಿ” ಎಂದಳು.

“ಅದಲ್ಲ... ಏನಾದ್ರೂ ಕೆಟ್ಟುಹೋದ್ರೆ ಆಮೇಲೆ ನನ್ನನ್ನೇ ಅಂತೀರಿ.”

“ಕೆಟ್ಟರೆ ನನ್ನದು ಕೆಡುತ್ತೆ. ನನ್ನ ವಸ್ತು ಕೆಡಿಸೋ ಹಕ್ಕೂ ನನ್ನದೇ ಅಲ್ವಾ? ನಿಮ್ಮ ವಸ್ತು ಎಷ್ಟು ಸಲ ನೀವು ಕೆಡಿಸಿಲ್ಲ? ಯಾರಾದ್ರೂ ಬೀಗ ಹಾಕಿಟ್ರಾ?”

“ನಿಮಗೆ ಕಷ್ಟ ಆಗಬಾರದು ಅಂತ...”

“ಕಷ್ಟ ಆಗಿದೆ. ಪಾಸ್‌ವರ್ಡ್ ಹೇಳಿ.”

ಹೇಳಿದ. ಒಂದೊಂದೇ ಅಕ್ಷರ, ಹಲ್ಲು ಕೀಳಿಸಿಕೊಂಡವನ ಹಾಗೆ.

ಆಮೇಲೆ ಸಂಗೀತದ ಮೇಷ್ಟ್ರನ್ನು ಇನ್ನೊಂದು ಫೋನಿನಲ್ಲಿ ಕೂರಿಸಿಕೊಂಡೆವು. ಅವರು ಹೇಳಿಕೊಡಬೇಕು, ಅವಳು ಒತ್ತಬೇಕು, ಪರದೆಯಲ್ಲಿ ಕಂಡದ್ದನ್ನು ನಾನು ಹೇಳಬೇಕು. ಮೂರು ಜನ ಸೇರಿ ಒಬ್ಬ ಮನುಷ್ಯನ ಕೆಲಸ.

ಅವಳು ಏನೋ ಒತ್ತಿದಳು. ಬೆಟ್ಟದ ಮೇಲೆ ಕಪ್ಪನೆಯ ಕಿಟಕಿ ತೆರೆಯಿತು. ಒಂದು ಸಾಲು ಟೈಪು ಮಾಡಿದಳು, ಅದು ಏನೋ ಕೇಳಿತು. “ಪಾಸ್‌ವರ್ಡ್ ಕೇಳಿರುತ್ತೆ” ಎಂದು ಅದನ್ನು ಒತ್ತತೊಡಗಿದಳು.

“ನಿಲ್ಲಿಸೇ! ಏನೂ ಮೂಡ್ತಾ ಇಲ್ಲ!”

“ಮೂಡಬಾರದು ಅತ್ತಿಗೆ. ಪಾಸ್‌ವರ್ಡ್ ಒತ್ತಿದ್ರೆ ಇಲ್ಲಿ ಕಣ್ಣಿರೋರಿಗೂ ಕಾಣಲ್ಲ. ಇದೊಂದು ಕಡೆ ನಾವಿಬ್ಬರೂ ಸರಿಸಮ.”

ಮೇಷ್ಟ್ರು ಫೋನಿನಲ್ಲಿ ನಕ್ಕರು. ಸಾಲುಗಳು ಸರಸರನೆ ಓಡಿ ಗಕ್ಕನೆ ನಿಂತವು.

“ನಿಂತಿತು.”

“ಕೊನೇಲಿ ಏನಿದೆ?”

ಕನ್ನಡಕ ಒರೆಸಿಕೊಂಡು ನೋಡಿದೆ. “ಕಂಸದ ಒಳಗೆ ಮೊದಲು ಒಂದು ಕವಣೆ. ಕಲ್ಲು ಹೊಡೆಯೋ ಕವಣೆಕೋಲು ಇರುತ್ತಲ್ಲ, ಹಾಗೆ. ಆಮೇಲೆ ಓರೆಯಾಗಿ ಒಂದು ಕಡ್ಡಿ. ಆಮೇಲೆ ಬಾಗಿಲ ಕಮಾನು, ಚಿಕ್ಕದು.”

ಅವಳು ಮೇಜಿನ ಮೇಲೆ ಬೆರಳಿನಿಂದ ಬರೆದು ನೋಡಿಕೊಂಡಳು. “ವೈ, ಎನ್. ಹೂಂ ಅಂತೀಯಾ, ಉಹೂಂ ಅಂತೀಯಾ ಅಂತ ಕೇಳ್ತಿದೆ.”

“ಹೂಂ ಅನ್ನು, ಹೂಂ ಅನ್ನು!” ಎಂದೆ.

ಕವಣೆಯನ್ನು ಒತ್ತಿದಳು. ಮತ್ತೆ ಸಾಲುಗಳು ಓಡಿದವು. ನಿಂತ ಮೇಲೆ ಮೇಷ್ಟ್ರು ಹೇಳಿದ ಮೂರು ಕೀಲಿಗಳನ್ನು ಒಟ್ಟಿಗೆ ಅದುಮಿದಳು. ಆ ಕರ್ಕಶ ದನಿ ಏನೋ ಇಂಗ್ಲಿಷಿನಲ್ಲಿ ಅಂದಿತು. ಅಷ್ಟು ಕೆಟ್ಟ ದನಿಗೆ ಯಾರಾದರೂ ಅಷ್ಟು ಹಿಗ್ಗಿದ್ದನ್ನು ನಾನು ಕಂಡಿಲ್ಲ. “ಇನ್ನು ನೀವು ಕಾಲು ಚಾಚಿ ಕೂತ್ಕೊಳ್ಳಿ ಅತ್ತಿಗೆ” ಎಂದಳು. ಅಲ್ಲಿಂದ ಮುಂದೆ ಅವಳಿಗೆ ನಾನೂ ಬೇಡ, ಮೇಷ್ಟ್ರೂ ಬೇಡ. ದನಿಯನ್ನು ಕನ್ನಡಕ್ಕೆ ತಿರುಗಿಸಿದಳು, ವೇಗ ಏರಿಸಿದಳು, ಕೀಬೋರ್ಡಿಗೆ ಕನ್ನಡ ಕೂಡಿಸಿದಳು, ಅಕ್ಷರಗಳನ್ನು ಒತ್ತಿ ಒತ್ತಿ ಕೇಳಿ ನೋಡಿದಳು. ಬಳಸುವವರ ಹೆಸರು ಬರೆದಿರುವ ಜಾಗಕ್ಕೆ ಬಂದಾಗ ತಟ್ಟನೆ ನಿಂತು ದನಿಯನ್ನು ನಿಧಾನ ಮಾಡಿದಳು. ನನಗೂ ಕೇಳಿಸಿತು. ಎರಡು ಹೆಸರಿದ್ದವು. ಮೊದಲನೆಯದು ಅಳಿಯನದು, ಯಜಮಾನಿಕೆ ಅವನದೇ. ಎರಡನೆಯದು ‘ಗೆಸ್ಟ್’.

“ಗೆಸ್ಟ್ ಅಂದ್ರೆ ಏನೇ?”

“ನೆಂಟರು ಅತ್ತಿಗೆ. ಬಂದು ಹೋಗೋರು.”

ಅವಳ ಮನೆ, ಅವಳ ಮೇಜು, ಅವಳ ಯಂತ್ರ. ಅವಳು ನೆಂಟಳು! ಅವಳಿಗೊಂದು ಹೆಸರಿದೆ ಎಂಬುದೂ ನೆನಪಾಗಲಿಲ್ಲವೇ ಅವನಿಗೆ? ಅಳಿಯ ಅಲ್ಲ, ಮಗಳ ಗಂಡ ಎನ್ನುವ ಗಾದೆಯನ್ನು ಸುಮ್ಮನೆ ನಗುವುದಕ್ಕೆ ಹೇಳುತ್ತಾರೆ ಎಂದುಕೊಂಡಿದ್ದೆ. ಆ ದಿನ ನನಗೆ ಅವನು ನಿಜವಾಗಿ ಬರೀ ಮಗಳ ಗಂಡನಾದ. “ಆ ಹೆಸರನ್ನು ತೆಗೆದು ಅವನಿಗೇ ಅಂಟಿಸು” ಎಂದೆ.

“ಬೇಡ ಬಿಡಿ. ಅವರಿಗೆ ಇಲ್ಲಿ ಏನು ಕೆಲಸ?” ಎಂದಳು. ತನ್ನ ಹೆಸರನ್ನು ಪೂರ್ತಿ ಬರೆದಳು, ಯಜಮಾನಿಕೆಯನ್ನು ತನಗೆ ಮಾಡಿಕೊಂಡಳು, ಅವನ ಹೆಸರನ್ನು ಅಳಿಸಿದಳು. ನಿಜವಾಗಿ ಅಳಿಸಲೇ ಎಂದು ದನಿ ಕೇಳಿತು. ಹೂಂ ಎಂದಳು.

ಗುರುವಾರ ಪುಟಗಳು ಹೋದವು. ಮುದ್ರಣಾಲಯದವರು, “ಅಲ್ಲಮ್ಮ, ನಿಮಗೆ ಆಗುತ್ತೋ ಇಲ್ಲವೋ ಅಂತ ಇದರಲ್ಲೇ ಅರ್ಧ ಆ ಹುಡುಗಿಗೂ ಕೊಟ್ಟೆ” ಎಂದರು. ಆಗುತ್ತೆ ಎಂದು ಬಾಯಿಬಿಟ್ಟು ಹೇಳಿದ್ದಳಲ್ಲ? ಇವರಿಗೂ ಕಿವಿ ಇಲ್ಲ. “ಇನ್ನು ಮುಂದೆ ನನ್ನನ್ನು ಕೇಳಿ ಕೊಡಿ” ಎಂದಳು ನಾದಿನಿ. ಎರಡು ದಿನ ಬಿಟ್ಟು ರೈಲು ಚಾಲಕನ ಮಾತಿನ ಮುಂದಿನ ಭಾಗ ಪೂರ್ತಿ ಅವಳಿಗೇ ಬಂತು.

ನನ್ನ ಮಗಳು ಫೋನಿನಲ್ಲಿ ಮುನಿಸಿಕೊಂಡಳು. “ಪಾಪ, ಒಂದು ದಿನ ಪೂರ್ತಿ ಕೂತು ಮಾಡಿಕೊಟ್ರು ಅಮ್ಮ. ಒಳ್ಳೇದಕ್ಕೇ ತಾನೇ?” ಒಳ್ಳೆಯದಕ್ಕೆ ಮಾಡಿದ್ದು ಒಳ್ಳೆಯದಾಗಬೇಡವೇ? ಅದನ್ನು ಯಾರನ್ನು ಕೇಳಬೇಕಿತ್ತು? ಒಂದು ಮಾತು ಅವಳನ್ನು ಕೇಳಿದ್ದರೆ ಮುಗಿಯುತ್ತಿತ್ತು. ಅಷ್ಟನ್ನೇ ಹೇಳಿ ಫೋನ್ ಇಟ್ಟೆ.

ಭಾನುವಾರ ಅಳಿಯ ಬಂದ. ಹಿಂದಿನ ಕೋಣೆಯಲ್ಲಿ ದನಿ ಓಡುತ್ತಿತ್ತು. ಬಾಗಿಲಲ್ಲಿ ನಿಂತು ನನ್ನ ಕಡೆ ನೋಡಿ, “ಏನಂತಿದೆ ಅತ್ತೆ ಅದು?” ಎಂದ. ನಾನು ಬಟ್ಟೆ ಮಡಿಸುತ್ತಿದ್ದೆ, ಮಡಿಸಿದೆ. ಇನ್ನೊಂದು ಸಲ ಕೇಳಿದ. ಇನ್ನೊಂದು ಸೀರೆ ತೆಗೆದುಕೊಂಡೆ. ಕೊನೆಗೆ ಅವನು ಎರಡು ಹೆಜ್ಜೆ ಒಳಗಿಟ್ಟು ಅವಳನ್ನೇ ಕೇಳಿದ.

“ಇದು... ಏನು ಓದ್ತಿದೆ?”

“ರೈಲಿನ ಬ್ರೇಕ್ ಹಿಡಿಯದೆ ಹೋದ ಕಥೆ. ಕೂತ್ಕೊಳ್ಳಿ.”

ಕುಳಿತ. ಸ್ವಲ್ಪ ಹೊತ್ತು ಕೇಳಿದ; ಏನೂ ತಿಳಿದಿರಲಾರದು.

“ಸ್ವಲ್ಪ ಸೌಂಡ್ ಕಮ್ಮಿ ಮಾಡೋಕಾಗುತ್ತಾ?”

“ಆಗುತ್ತೆ” ಎಂದಳು ನಾದಿನಿ. ಮಾಡಲಿಲ್ಲ.